ಒಪ್ಪಿ ಬಂದವಳ ಹಕ್ಕು

ಮುಂಜಾನೆಯ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲಿಳಿಯುವ ಹೊತ್ತಿಗೆ ನಮ್ಮೂರ ಸರ್ಕಲ್ಲಿನಲ್ಲಿ ಹೆಂಗಸರು ನೆರೆದಿರುತ್ತಾರೆ. ತಲೆಗೆ ಸುತ್ತಿದ ಟವೆಲು, ಸೀರೆಯ ಮೇಲೆ ಗಂಡಸರ ಹಳೆಯ ಅಂಗಿ, ಕೈಯಲ್ಲಿ ಬುತ್ತಿಯ ಗಂಟು. ತುಂಗಭದ್ರೆಯ ಕಾಲುವೆ ನೀರು ಹರಿಯುವ ಗಂಗಾವತಿ, ಸಿಂಧನೂರು ಕಡೆಯ ಊರುಗಳಲ್ಲಿ ಇದು ದಿನನಿತ್ಯದ ನೋಟ. ಸ್ವಲ್ಪ ಹೊತ್ತಿನಲ್ಲಿ ಒಂದು ಟಂಟಂ ಬಂದು ನಿಲ್ಲುತ್ತದೆ. ಏಳೆಂಟು ಮಂದಿ ಕೂರಬಹುದಾದ ಗಾಡಿಗೆ ಹದಿನೆಂಟು ಇಪ್ಪತ್ತು ಮಂದಿ ಹತ್ತುತ್ತಾರೆ. ಜಾಗ ಸಿಗದವರು ಹಿಂದೆ ಕಂಬಿ ಹಿಡಿದು ನಿಲ್ಲುತ್ತಾರೆ. ಅವರಲ್ಲಿ ನಮ್ಮ ಮದ್ರಸಕ್ಕೆ ಬರುವ ಮಕ್ಕಳ ತಾಯಂದಿರೂ ಇದ್ದಾರೆ. ಭತ್ತದ ನಾಟಿ, ಕಳೆ ತೆಗೆಯುವುದು, ಹತ್ತಿ ಬಿಡಿಸುವುದು, ಮೆಣಸಿನಕಾಯಿ ಬಿಡಿಸುವುದು ಎಂದು ಹಂಗಾಮಿಗೆ ತಕ್ಕಂತೆ ಕೆಲಸ ಬದಲಾಗುತ್ತದೆ. ಈ ಗಾಡಿ ಮಾತ್ರ ಬದಲಾಗುವುದಿಲ್ಲ.

ಒಂದು ಮೆಣಸಿನಕಾಯಿ ಹಂಗಾಮಿನಲ್ಲಿ ನನ್ನ ವಿದ್ಯಾರ್ಥಿಯೊಬ್ಬ ವಾರವಿಡೀ ಪಾಠಕ್ಕೆ ಬರಲಿಲ್ಲ. ಬಂದ ದಿನ ಕಾರಣ ಕೇಳಿದೆ. ತಾಯಿ ಗಾಡಿಯಿಂದ ಬಿದ್ದು ಕೈ ಮುರಿದುಕೊಂಡಿದ್ದಾಳೆ, ರೊಟ್ಟಿ ತಟ್ಟುವವರು ಯಾರೂ ಇಲ್ಲ, ತಾನೇ ಅನ್ನ ಮಾಡುತ್ತಿದ್ದೇನೆ ಎಂದ. ಆಸ್ಪತ್ರೆಯ ಖರ್ಚನ್ನು ಸಾಲ ಮಾಡಿ ಕಟ್ಟಿದ್ದರು. ಅವಳು ಹೋಗುತ್ತಿದ್ದ ಹೊಲದ ಯಜಮಾನರು ನನಗೆ ಪರಿಚಿತರೇ. ಐದು ಹೊತ್ತಿನ ನಮಾಝಿಗೆ ತಪ್ಪದವರು, ಬೆಳೆಯ ಝಕಾತನ್ನು ಲೆಕ್ಕ ಹಾಕಿ ಕೊಡುವವರು. ಶುಕ್ರವಾರ ಅವರನ್ನು ಕಂಡು ವಿಷಯ ತಿಳಿಸಿದೆ. ಅವರು ಸಿಟ್ಟಾಗಲಿಲ್ಲ. ನಿಜವಾದ ಅಚ್ಚರಿಯಿಂದ ಕೇಳಿದರು: "ಹಜ್ರತ್, ನಾನು ಯಾರನ್ನೂ ಕೈ ಹಿಡಿದು ಎಳಕೊಂಡು ಹೋಗಿಲ್ಲ. ಗಾಡಿ ನೋಡೇ ಹತ್ತ್ಯಾರ, ಕೂಲಿ ಕೇಳೇ ಬಂದಾರ. ಒಪ್ಪಿ ಬಂದ ಮ್ಯಾಲ ಅದರಾಗ ಅನ್ಯಾಯ ಎಲ್ಲೈತಿ?"

ಆ ಕ್ಷಣಕ್ಕೆ ನನಗೆ ಉತ್ತರ ಹೊಳೆಯಲಿಲ್ಲ. ಉಭಯ ಪಕ್ಷಗಳ ಸಮ್ಮತಿಯೇ ಒಪ್ಪಂದದ ಜೀವಾಳ ಎಂದು ಮದ್ರಸದಲ್ಲಿ ನಾನೇ ಪಾಠ ಹೇಳುತ್ತೇನೆ. ಹಾಗಾದರೆ ಒಪ್ಪಿ ಬಂದವಳಿಗೆ ಒಪ್ಪಿದ್ದನ್ನು ಕೊಟ್ಟುಬಿಟ್ಟರೆ ಯಜಮಾನನ ಹೊಣೆ ಮುಗಿಯಿತೇ? ಈ ಪ್ರಶ್ನೆ ಒಬ್ಬರಿಗೆ ಮಾತ್ರ ಸಂಬಂಧಿಸಿದ್ದಲ್ಲ. 2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ 14 ಕೋಟಿಗೂ ಹೆಚ್ಚು ಕೃಷಿ ಕೂಲಿಕಾರರಿದ್ದರು. ಅವರಲ್ಲಿ 6 ಕೋಟಿಗೂ ಹೆಚ್ಚು ಮಂದಿ ಮಹಿಳೆಯರು. ನಾವು ಉಣ್ಣುವ ಪ್ರತಿ ತುತ್ತಿನಲ್ಲೂ ಅವರ ಬೆವರಿನ ಪಾಲಿದೆ. ಆದ್ದರಿಂದ ಇದು ಉಣ್ಣುವ ಪ್ರತಿಯೊಬ್ಬನ ಪ್ರಶ್ನೆ.

ಒಪ್ಪಿಗೆ ಯಾರದು?

ಅಂದು ಮನೆಗೆ ಹೋಗಿ ತಾಯಿಯನ್ನು ಕೇಳಿದೆ. ನನ್ನ ತಂದೆ ತೀರಿಕೊಂಡ ಮೇಲೆ ಅವರು ಹಲವು ವರ್ಷ ಇದೇ ಹೊಲಗಳಲ್ಲಿ ಸಸಿ ಹಚ್ಚಿ ನಮ್ಮನ್ನು ಸಾಕಿದವರು. ನನ್ನ ಅರಬಿಯೂ ಕನ್ನಡದ ಬಿ.ಎ.ಯೂ ಆ ಕೂಲಿಯಿಂದಲೇ ಆದದ್ದು. "ನೀವೂ ಒಪ್ಪಿಯೇ ಹೋಗುತ್ತಿದ್ದಿರಲ್ಲವೇ?" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನಾನು ಎಲ್ಲಿ ಒಪ್ಪಿದ್ದೆ ಬೇಟಾ? ಮನೆಯಲ್ಲಿ ಹಿಟ್ಟಿರಲಿಲ್ಲ. ಅದು ಒಪ್ಪಿಸಿತು."

ಒಮ್ಮೆ ಮುಂಜಾನೆ ಎಣ್ಣೆ ಹೊಡೆದಿದ್ದ ಹೊಲಕ್ಕೆ ಅದೇ ಮಧ್ಯಾಹ್ನ ಅವರನ್ನು ಕಳೆ ತೆಗೆಯಲು ಇಳಿಸಿದ್ದರಂತೆ. ತಲೆ ಸುತ್ತಿ ವಾಂತಿಯಾಗಿ ಬದುವಿನ ಮೇಲೆ ಮಲಗಿದರು. ಸಂಜೆ ಕೂಲಿ ಹಂಚುವಾಗ ಅರ್ಧ ದಿನದ ಹಣವನ್ನು ಮುರಿದುಕೊಂಡರು. ಇಷ್ಟು ವರ್ಷಗಳ ಮೇಲೆ ತಾಯಿ ಆ ವಾಂತಿಯ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಮುರಿದುಕೊಂಡ ಆ ಅರ್ಧ ಕೂಲಿಯನ್ನು ಮಾತ್ರ ಮರೆತಿಲ್ಲ.

ಫಿಕ್‌ಹ್ ಗ್ರಂಥಗಳನ್ನು ಓದಿದವರಿಗೆ 'ಮುಝ್ತರ್' ಎಂಬ ಪದ ಗೊತ್ತು. ಬೇರೆ ದಾರಿಯಿಲ್ಲದೆ ನಿರ್ಬಂಧಕ್ಕೆ ಸಿಲುಕಿದವನು ಎಂದು ಅದರ ಅರ್ಥ. ಅಂಥವನ ಇಕ್ಕಟ್ಟನ್ನು ಬಳಸಿಕೊಂಡು ಅವನ ಸೊತ್ತನ್ನು ಅಗ್ಗಕ್ಕೆ ಕೊಳ್ಳುವುದನ್ನು ವಿದ್ವಾಂಸರು ಮೆಚ್ಚಿಲ್ಲ. ಬಾಯಿ 'ಆಗಲಿ' ಎಂದಿದ್ದರೂ ಅದು ಪೂರ್ಣ ಮನಸ್ಸಿನ ಒಪ್ಪಿಗೆಯಲ್ಲ ಎಂಬುದನ್ನು ಅವರು ಬಲ್ಲರು. ಅದೇ ಗ್ರಂಥಗಳಲ್ಲಿ 'ಉಜ್ರತುಲ್ ಮಿಸ್ಲ್' ಎಂಬ ಇನ್ನೊಂದು ಪದವಿದೆ. ಅಂಥ ಕೆಲಸಕ್ಕೆ ನ್ಯಾಯವಾಗಿ ಸಲ್ಲುವ ಕೂಲಿ ಎಂದರ್ಥ. ಒಪ್ಪಂದ ದೋಷಪೂರಿತವಾಗಿದ್ದಲ್ಲಿ ಈ ಕೂಲಿಯನ್ನು ಕೊಡಿಸಬೇಕೆಂದು ಅವರು ವಿಧಿಸಿದ್ದಾರೆ. ಅಂದರೆ ಬಾಯಿಂದ ಬಂದ ಮಾತಿನ ಆಚೆಗೂ ನ್ಯಾಯದ ಒಂದು ಅಳತೆಯಿದೆ ಎಂಬುದು ನಮ್ಮ ಹಿರಿಯರಿಗೆ ಸ್ಪಷ್ಟವಿತ್ತು.

ಮದ್‌ಯನ್‌ನ ಬಾವಿಯ ಬಳಿ

ಪವಿತ್ರ ಕುರ್‌ಆನಿನ ಅಲ್‌ಕಸಸ್ ಅಧ್ಯಾಯದಲ್ಲಿ ಬರುವ ಒಂದು ಘಟನೆಯನ್ನು ನಾವು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇವೆ. ಆದರೆ ಅದನ್ನು ಹೊಲದ ಬದುವಿನ ಮೇಲೆ ನಿಂತು ಓದಿದವರು ಕಡಿಮೆ. ಈಜಿಪ್ಟಿನಿಂದ ಪಾರಾಗಿ ಬಂದ ಹಝ್ರತ್ ಮೂಸಾ(ಅ) ಮದ್‌ಯನ್‌ನ ಬಾವಿಯ ಬಳಿ ತಲಪುತ್ತಾರೆ. ಕುರುಬರು ಗುಂಪುಗೂಡಿ ಕುರಿಗಳಿಗೆ ನೀರುಣಿಸುತ್ತಿದ್ದಾರೆ. ಇಬ್ಬರು ಸ್ತ್ರೀಯರು ಮಾತ್ರ ತಮ್ಮ ಕುರಿಗಳನ್ನು ತಡೆದುಕೊಂಡು ದೂರ ನಿಂತಿದ್ದಾರೆ. ವಿಚಾರಿಸಿದಾಗ, ಕುರುಬರು ಹೋಗುವ ತನಕ ತಾವು ಬಾವಿಯ ಬಳಿ ಹೋಗುವಂತಿಲ್ಲ, ತಂದೆ ತೀರಾ ವೃದ್ಧರು ಎಂದು ಅವರು ಹೇಳುತ್ತಾರೆ. ಮೂಸಾ(ಅ) ಅವರ ಕುರಿಗಳಿಗೆ ನೀರುಣಿಸಿ ನೆರಳಿಗೆ ಹೋಗಿ ಕೂರುತ್ತಾರೆ.

ಇಲ್ಲಿ ಅವರು ಏನು ಮಾಡಲಿಲ್ಲ ಎಂಬುದನ್ನು ಗಮನಿಸಿರಿ. 'ಹೆಣ್ಣುಮಕ್ಕಳು ಇಲ್ಲಿಗೇಕೆ ಬಂದಿರಿ, ಮನೆಗೆ ಹೋಗಿ' ಎನ್ನಲಿಲ್ಲ. ದುಡಿಯಲು ಬಂದವರಿಗೆ ಸಂಕೋಚವಿಲ್ಲದೆ ದುಡಿಯುವಷ್ಟು ಜಾಗ ಇಲ್ಲದಿದ್ದುದೇ ಅವರ ಕಣ್ಣಿಗೆ ಬಿದ್ದ ಕೊರತೆ. ಆ ಕೊರತೆಯನ್ನು ತುಂಬುವುದು ಅಲ್ಲಿದ್ದ ಗಂಡಸಿನ ಕರ್ತವ್ಯವೆಂದು ಅವರು ಭಾವಿಸಿದರು.

ಮುಂದೆ ಆ ಸ್ತ್ರೀಯರಲ್ಲೊಬ್ಬಳು ಬಂದು, ನೀರುಣಿಸಿದ್ದಕ್ಕೆ ಪ್ರತಿಫಲ ಕೊಡಲು ತಂದೆ ಕರೆಯುತ್ತಿದ್ದಾರೆ ಎನ್ನುತ್ತಾಳೆ. ಇಲ್ಲಿ ಯಾವ ಒಪ್ಪಂದವೂ ಆಗಿರಲಿಲ್ಲ. ಕೂಲಿಯ ಮಾತೇ ಬಂದಿರಲಿಲ್ಲ. ಆದರೂ ದುಡಿಮೆಯ ಫಲ ಪಡೆದ ಆ ವೃದ್ಧರು, ದುಡಿದವನಿಗೆ ತಾನು ಋಣಿ ಎಂದು ಬಗೆದರು. ಆಮೇಲೆ ಅವರನ್ನು ಕೆಲಸಕ್ಕೆ ಇಟ್ಟುಕೊಳ್ಳುವಾಗ ಅವಧಿಯನ್ನು ಸ್ಪಷ್ಟವಾಗಿ ತಿಳಿಸಿದರು. ಜೊತೆಗೆ, ನಿಮ್ಮನ್ನು ಕಷ್ಟಕ್ಕೆ ಗುರಿಪಡಿಸುವ ಇಚ್ಛೆ ತನಗಿಲ್ಲವೆಂದೂ ಹೇಳಿದರು. ಮೂಸಾ(ಅ) ಕಷ್ಟಪಡಲು ಸಿದ್ಧರಾಗಿಯೇ ಇದ್ದರು. ಮನೆಮಠವಿಲ್ಲದ ಪರದೇಶಿ ಯಾವ ಷರತ್ತಿಗೆ ತಾನೇ ಒಪ್ಪುತ್ತಿರಲಿಲ್ಲ? ಆದರೆ ಅವನು ಎಷ್ಟಕ್ಕೆ ಒಪ್ಪುತ್ತಾನೆ ಎಂದು ಯಜಮಾನ ಅಳೆಯಲಿಲ್ಲ. ತಾನು ಎಷ್ಟರಾಚೆಗೆ ಹೋಗಬಾರದು ಎಂದು ತನಗೆ ತಾನೇ ಗೆರೆ ಎಳೆದುಕೊಂಡರು.

ನಮ್ಮ ಯಜಮಾನರ ಪ್ರಶ್ನೆಗೆ ನನಗೆ ದೊರೆತ ಉತ್ತರ ಇದೇ. ಒಪ್ಪಿಗೆಯಿಂದ ಒಪ್ಪಂದ ಹುಟ್ಟುತ್ತದೆ, ನಿಜ. ಆದರೆ ಹೊಣೆ ಹುಟ್ಟುವುದು ಒಪ್ಪಿಗೆಯಿಂದಲ್ಲ, ಕರೆದವನ ಕೈಯಲ್ಲಿರುವ ಶಕ್ತಿಯಿಂದ. ಯಾರನ್ನು ನನ್ನ ಹೊಲಕ್ಕೆ, ನನ್ನ ಗಾಡಿಯಲ್ಲಿ, ನನ್ನ ಲಾಭಕ್ಕಾಗಿ ಕರೆದೊಯ್ಯುತ್ತೇನೋ ಅವಳ ಜೀವ ಸಂಜೆ ಮನೆಗೆ ಮರಳುವ ತನಕ ನನ್ನ ಬಳಿ ಇರುವ ಅಮಾನತ್ತು. ಅವಳು ಒಪ್ಪಿದಳೆಂಬ ಮಾತ್ರಕ್ಕೆ ಅಮಾನತ್ತು ಕರಗಿಹೋಗುವುದಿಲ್ಲ.

ಹೊಲದ ವಾಸ್ತವ

ಈ ಅಮಾನತ್ತಿನ ಸ್ಥಿತಿ ಇಂದು ಹೇಗಿದೆ? 2022ರ ಸೆಪ್ಟೆಂಬರಿನಲ್ಲಿ ಬಳ್ಳಾರಿ ತಾಲೂಕಿನ ಕೊಳಗಲ್ಲು ಬಳಿ ಕೃಷಿ ಕೂಲಿಗೆ ಹೊರಟಿದ್ದ ಹೆಂಗಸರ ಆಟೋ ತುಂಗಭದ್ರಾ ಕಾಲುವೆಗೆ ಉರುಳಿ ಜೀವಗಳು ಹೋದವು. ಅದೇ ವರ್ಷ ಜೂನ್ 30ರಂದು ನೆರೆಯ ಆಂಧ್ರದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿ ಹೊಲಕ್ಕೆ ಹೋಗುತ್ತಿದ್ದ ಆಟೋದ ಮೇಲೆ ವಿದ್ಯುತ್ ತಂತಿ ಬಿದ್ದು ಐವರು ಕೂಲಿ ಮಹಿಳೆಯರು ಸುಟ್ಟು ತೀರಿಕೊಂಡರು. ನಾವು ಇವುಗಳಿಗೆ 'ವಿಧಿ' ಎಂಬ ಹೆಸರಿಟ್ಟು ಸುಮ್ಮನಾಗುತ್ತೇವೆ. ವಿಧಿಯಲ್ಲಿ ನಮಗೆ ವಿಶ್ವಾಸವಿದೆ. ಆದರೆ ಒಂಟೆಯನ್ನು ಕಟ್ಟಿಹಾಕಿ ಆ ಮೇಲೆ ಭರವಸೆಯಿಡು ಎಂದು ಕಲಿಸಿದ ಪ್ರವಾದಿವರ್ಯರ(ಸ) ಸಮುದಾಯ ನಾವು. ಏಳು ಮಂದಿಯ ಗಾಡಿಗೆ ಇಪ್ಪತ್ತು ಮಂದಿಯನ್ನು ತುಂಬಿ ವಿಧಿಯನ್ನು ದೂರುವುದು ವಿಶ್ವಾಸವಲ್ಲ, ಹೊಣೆಗೇಡಿತನ.

ವಿಷದ ಕಥೆ ಇನ್ನೂ ಮೌನವಾದದ್ದು. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ್ ಜಿಲ್ಲೆಯ ಹತ್ತಿ ಹೊಲಗಳಲ್ಲಿ ಕೀಟನಾಶಕ ಸಿಂಪಡಿಸುವಾಗ ವಿಷವೇರಿ ಇಪ್ಪತ್ತಕ್ಕೂ ಹೆಚ್ಚು ರೈತರು, ಕೂಲಿಕಾರರು ಸತ್ತಾಗ ದೇಶ ಬೆಚ್ಚಿತು. ಪಂಪು ಹೊತ್ತು ಸಿಂಪಡಿಸುವವರು ಹೆಚ್ಚಾಗಿ ಗಂಡಸರು. ಆದರೆ ನೀರು ಹೊತ್ತು ತರುವವಳು, ಔಷಧ ಕಲಸಿಕೊಡುವವಳು, ಸಿಂಪಡಿಸಿದ ಗಿಡಗಳ ನಡುವೆ ಬಗ್ಗಿ ಕಳೆ ಕೀಳುವವಳು, ವಿಷ ಹತ್ತಿದ ಬಟ್ಟೆಯನ್ನು ಮನೆಯಲ್ಲಿ ಒಗೆಯುವವಳು ಹೆಣ್ಣು. ಅವಳಲ್ಲಿ ಗರ್ಭಿಣಿಯರಿದ್ದಾರೆ, ಬಾಣಂತಿಯರಿದ್ದಾರೆ. ಔಷಧದ ಡಬ್ಬಿಯ ಮೇಲೆ ವಿಷದ ತೀವ್ರತೆಯನ್ನು ಬಣ್ಣದಿಂದ ತೋರಿಸಿರುತ್ತಾರೆ. ಕೆಂಪು ಎಂದರೆ ಅತ್ಯಂತ ಅಪಾಯಕಾರಿ, ಅನಂತರ ಕ್ರಮವಾಗಿ ಹಳದಿ, ನೀಲಿ, ಹಸಿರು. ಅಕ್ಷರ ಬಾರದವರೂ ಗುರುತಿಸಲೆಂದೇ ಇದನ್ನು ಮಾಡಿದ್ದು. ಆದರೆ ಎಷ್ಟು ಯಜಮಾನರು ಕೂಲಿಯವರನ್ನು ಕರೆದು ಈ ಬಣ್ಣದ ಅರ್ಥವನ್ನು ಹೇಳಿದ್ದಾರೆ?

ಇನ್ನು ಕಬ್ಬಿನ ಗದ್ದೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ಪ್ರತಿ ವರ್ಷ ಲಕ್ಷಾಂತರ ಮಂದಿ ಕಬ್ಬು ಕಡಿಯಲು ಗುಳೆ ಹೊರಡುತ್ತಾರೆ. ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಗೂ ಬರುತ್ತಾರೆ. ಅಲ್ಲಿ ಗಂಡ ಹೆಂಡಿರನ್ನು ಸೇರಿಸಿ ಒಂದೇ ಜೋಡಿಯೆಂದು ಎಣಿಸುವ ರೂಢಿಯಿದೆ. ಮುಂಗಡವನ್ನು ಮುಕದ್ದಮನು ಗಂಡನ ಕೈಗೆ ಕೊಡುತ್ತಾನೆ. ಒಂದು ದಿನ ತಪ್ಪಿದರೆ ದಂಡ. ತಿಂಗಳ ಮುಟ್ಟಿನ ದಿನಗಳಲ್ಲಿ ರಜೆಯಿಲ್ಲ, ಶೌಚಾಲಯವಿಲ್ಲ, ನೀರಿಲ್ಲ. 2019ರಲ್ಲಿ ಅಲ್ಲಿನ ಸರಕಾರ ನೇಮಿಸಿದ ಸಮಿತಿ ಸುಮಾರು 82 ಸಾವಿರ ಕಬ್ಬು ಕಡಿಯುವ ಮಹಿಳೆಯರ ಸಮೀಕ್ಷೆ ನಡೆಸಿದಾಗ, ಅವರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿ ಗರ್ಭಕೋಶವನ್ನು ತೆಗೆಸಿಕೊಂಡಿದ್ದು ತಿಳಿದುಬಂತು. ಅವರೂ ಒಪ್ಪಿ ಸಹಿ ಹಾಕಿದವರೇ, ಓದುಗ ಬಂಧುಗಳೇ. ಒಪ್ಪಿಗೆಯನ್ನೇ ನ್ಯಾಯದ ಕೊನೆಯ ಅಳತೆಯೆಂದರೆ ನಾವು ಎಲ್ಲಿಗೆ ಹೋಗಿ ನಿಲ್ಲುತ್ತೇವೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಕೇ?

ಅನ್ನಿಸಾ ಅಧ್ಯಾಯದಲ್ಲಿ ಅಲ್ಲಾಹನು ಪುರುಷರ ಸಂಪಾದನೆಯಲ್ಲಿ ಪುರುಷರಿಗೂ ಸ್ತ್ರೀಯರ ಸಂಪಾದನೆಯಲ್ಲಿ ಸ್ತ್ರೀಯರಿಗೂ ಪಾಲನ್ನು ನಿಶ್ಚಯಿಸಿದ್ದಾನೆ. ಹೀಗಿರುವಾಗ ದುಡಿದವಳ ಕೂಲಿಯನ್ನು ಅವಳ ಕೈಗೆ ಕೊಡದೆ ಗಂಡನ ಅಥವಾ ಮೇಸ್ತ್ರಿಯ ಕೈಗೆ ಕೊಡುವುದು ಯಾವ ನ್ಯಾಯ?

ಎರಡು ಆಕ್ಷೇಪಗಳು

ಮೊದಲ ಆಕ್ಷೇಪ ರೈತರದು. ಬೀಜ, ಗೊಬ್ಬರ, ಔಷಧಗಳ ಬೆಲೆ ಏರುತ್ತದೆ. ಮೆಣಸಿನಕಾಯಿಯ ದರ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಒಂದೇ ವಾರದಲ್ಲಿ ಕುಸಿಯುತ್ತದೆ. ನಾವೇ ಸಾಲದಲ್ಲಿರುವಾಗ ಎಲ್ಲಿಂದ ಕೊಡೋಣ ಎನ್ನುತ್ತಾರೆ. ಈ ಮಾತನ್ನು ತಳ್ಳಿಹಾಕಲಾಗದು. ಸಣ್ಣ ರೈತನೂ ಒಂದರ್ಥದಲ್ಲಿ ಮುಝ್ತರನೇ. ಅವನ ಬೆಳೆಗೆ ನ್ಯಾಯವಾದ ಬೆಲೆ ಸಿಗಬೇಕೆಂಬ ಹೋರಾಟದಲ್ಲಿ ನಾವು ಅವನ ಜೊತೆಗಿರಬೇಕು. ಆದರೆ ಮಾರುಕಟ್ಟೆಯಲ್ಲಿ ತನಗಾದ ಅನ್ಯಾಯವನ್ನು ಅವನು ತನಗಿಂತ ದುರ್ಬಲಳ ಮೇಲೆ ಇಳಿಸಿಬಿಟ್ಟರೆ ನ್ಯಾಯ ಕೇಳುವ ಬಾಯಿ ಅವನಿಗೆ ಉಳಿಯುವುದೇ? ಮೇಲಾಗಿ, ಅವಳಿಗೆ ಸಲ್ಲಬೇಕಾದ ಎಷ್ಟೋ ಸಂಗತಿಗಳಿಗೆ ದೊಡ್ಡ ಖರ್ಚೇ ಇಲ್ಲ. ಔಷಧ ಹೊಡೆದ ಹೊಲಕ್ಕೆ ಡಬ್ಬಿಯ ಮೇಲೆ ಬರೆದ ಅವಧಿ ಮುಗಿಯುವ ತನಕ ಯಾರನ್ನೂ ಇಳಿಸದಿರಲು ಎಷ್ಟು ಹಣ ಬೇಕು? ನಾಲ್ಕು ಗೂಟ ನೆಟ್ಟು ತಾಡಪಾಲು ಕಟ್ಟಿ ಮರೆ ಮಾಡಲು, ಒಂದು ಕೊಡ ಕುಡಿಯುವ ನೀರಿಡಲು, ಗಾಡಿಯನ್ನು ಎರಡು ಸಲ ಓಡಿಸಲು ಎಷ್ಟು ಬೇಕು? ಮೇಸ್ತ್ರಿಯ ನಾಲಗೆಗೂ ಕೈಗೂ ಕಡಿವಾಣ ಹಾಕಲು ಒಂದು ಬಿಗಿಯಾದ ಮಾತು ಸಾಕು.

ಗಂಡಾಳಿನ ಕೆಲಸ ಭಾರ, ಹೆಣ್ಣಾಳಿನದು ಹಗುರ, ಅದಕ್ಕೇ ಕೂಲಿ ಕಡಿಮೆ ಎಂಬ ವಾದವೂ ಇದೆ. ಮೊಣಕಾಲಿನವರೆಗೆ ಕೆಸರಿನಲ್ಲಿ ಬೆಳಗಿನಿಂದ ಸಂಜೆಯ ತನಕ ಬೆನ್ನು ಬಾಗಿಸಿ ನಾಟಿ ಮಾಡುವುದು ಹಗುರವೆನ್ನುವವರು ಒಂದು ತಾಸು ಅದನ್ನು ಮಾಡಿ ನೋಡಲಿ. ಮೆಣಸಿನಕಾಯಿ ಬಿಡಿಸಿ ಬಂದವಳ ಕೈಯ ಉರಿ ರಾತ್ರಿಯೂ ಇಳಿಯುವುದಿಲ್ಲ. ಅದೇ ಕೈಯಲ್ಲಿ ಅವಳು ಮಗುವನ್ನು ಎತ್ತಿಕೊಳ್ಳಲು ಅಂಜುತ್ತಾಳೆ. ಕೆಲಸ ಹಗುರವೆಂದು ಹೆಣ್ಣಿಗೆ ಕೊಟ್ಟದ್ದಲ್ಲ. ಹೆಣ್ಣು ಮಾಡುತ್ತಾಳೆಂದು ಅದನ್ನು ಹಗುರವೆಂದು ಕರೆದದ್ದು. ಅಳೆದು ಕೊಳ್ಳುವಾಗ ಪೂರ್ತಿ, ಅಳೆದು ಕೊಡುವಾಗ ಕಡಿಮೆ ಮಾಡುವವರ ಬಗ್ಗೆ ಅಲ್‌ಮುತಫ್ಫಿಫೀನ್ ಅಧ್ಯಾಯ ನೀಡಿರುವ ಎಚ್ಚರಿಕೆ ಕಿರಾಣಿ ಅಂಗಡಿಯ ತಕ್ಕಡಿಗೆ ಮಾತ್ರ ಸೀಮಿತವೆಂದು ನಾವು ಭಾವಿಸಬಾರದು.

ಎರಡನೆಯ ಆಕ್ಷೇಪ ನಮ್ಮ ಕೆಲವು ಧಾರ್ಮಿಕ ಬಂಧುಗಳದು. ಹೆಣ್ಣುಮಕ್ಕಳು ಹೊಲಕ್ಕೆ ಹೋಗುವುದೇ ತಪ್ಪು, ಹೋಗದಿದ್ದರೆ ಈ ತೊಂದರೆಗಳೇ ಇಲ್ಲ ಎನ್ನುತ್ತಾರೆ. ಹಝ್ರತ್ ಅಬೂಬಕರ್‌ರ(ರ) ಪುತ್ರಿ ಅಸ್ಮಾ(ರ) ಪತಿಯ ಜಮೀನಿನಿಂದ ಖರ್ಜೂರದ ಬೀಜಗಳನ್ನು ತಲೆಯ ಮೇಲೆ ಹೊತ್ತು ಬಹುದೂರ ನಡೆದುಬರುತ್ತಿದ್ದರೆಂದು ಬುಖಾರಿಯಲ್ಲಿದೆ. ಜಾಬಿರ್‌ರ(ರ) ಚಿಕ್ಕಮ್ಮ ತಲಾಕ್‌ನ ನಂತರದ ಇದ್ದತ್‌ನ ಅವಧಿಯಲ್ಲಿ ತಮ್ಮ ಖರ್ಜೂರದ ಫಸಲು ಕೊಯ್ಯಲು ಹೊರಟಾಗ ಒಬ್ಬಾತ ಗದರಿಸಿದ. ಅವರು ಪ್ರವಾದಿವರ್ಯರ(ಸ) ಬಳಿಗೆ ಬಂದರು. ಪ್ರವಾದಿವರ್ಯರು(ಸ) ಅವರಿಗೆ ಕೊಯ್ಯಲು ಅನುಮತಿಯಿತ್ತರು. ಅದರಿಂದ ದಾನವನ್ನೋ ಒಳಿತನ್ನೋ ಮಾಡಬಹುದಲ್ಲ ಎಂದರು. ಇದು ಮುಸ್ಲಿಮ್‌ನಲ್ಲಿ ವರದಿಯಾಗಿದೆ. ಗದರಿಸಿದವನ ಪಕ್ಷದಲ್ಲಿ ನಾವು ನಿಲ್ಲಬೇಕೇ? ಮನೆಯಲ್ಲಿರು ಎಂದು ವಿಧವೆಗೆ ಹೇಳುವವನು ಅವಳ ಮನೆಗೆ ತಿಂಗಳ ಅಕ್ಕಿಯನ್ನೂ ಕಳುಹಿಸಲಿ. ಕಳುಹಿಸಲಾಗದಿದ್ದರೆ ಅವಳ ದಾರಿಯನ್ನಾದರೂ ಸುರಕ್ಷಿತಗೊಳಿಸಲಿ.

ಇನ್ನೊಂದು ಮಾತು. ಆ ಟಂಟಂನಲ್ಲಿ ಹೋಗುವವರಲ್ಲಿ ಹೆಚ್ಚಿನವರು ನಮ್ಮ ಧರ್ಮದವರಲ್ಲ. ದಲಿತರು, ಹಿಂದುಳಿದವರು, ತಾಂಡಾದವರು. ಒಂದು ಜನಾಂಗದ ಮೇಲಿನ ದ್ವೇಷ ಕೂಡ ನಿಮ್ಮನ್ನು ನ್ಯಾಯದಿಂದ ಸರಿಸಬಾರದೆಂದು ಅಲ್‌ಮಾಇದ ಅಧ್ಯಾಯ ವಿಧಿಸಿರುವಾಗ, ದ್ವೇಷಕ್ಕೆ ಕಾರಣವೇ ಇಲ್ಲದ ನೆರೆಯವರ ಹಕ್ಕಿನಲ್ಲಿ ನಾವು ಕೊರತೆ ಮಾಡಬಹುದೇ? ಮರ್ದಿತನ ಮೊರೆಗೂ ಅಲ್ಲಾಹನಿಗೂ ನಡುವೆ ತೆರೆಯಿಲ್ಲ ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ.

ಕಾನೂನು ಮತ್ತು ದೇವಭಯ

ದೇಶದ ಕಾನೂನು ಈ ವಿಷಯದಲ್ಲಿ ಕುರುಡಾಗಿಲ್ಲ. 1948ರ ಕನಿಷ್ಠ ವೇತನ ಕಾಯ್ದೆ ಕೃಷಿ ಕೂಲಿಗೂ ಅನ್ವಯಿಸುತ್ತಿತ್ತು. 1976ರ ಸಮಾನ ವೇತನ ಕಾಯ್ದೆ ಒಂದೇ ಕೆಲಸಕ್ಕೆ ಗಂಡಿಗೊಂದು ಹೆಣ್ಣಿಗೊಂದು ಕೂಲಿ ಕೊಡುವುದನ್ನು ನಿಷೇಧಿಸಿತು. ಅವೆರಡರ ತತ್ವಗಳೂ 2019ರ ವೇತನ ಸಂಹಿತೆಯಲ್ಲಿ ಸೇರಿವೆ. ಕೆಲಸದ ಸ್ಥಳದಲ್ಲಿ ಹೆಣ್ಣಿನ ಮಾನಕ್ಕೆ ಕೈ ಹಾಕುವುದರ ವಿರುದ್ಧ 2013ರಲ್ಲಿ ಬಂದ ಕಾಯ್ದೆ ಹೊಲಕ್ಕೂ ಅನ್ವಯಿಸುತ್ತದೆ. ಹತ್ತಕ್ಕಿಂತ ಕಡಿಮೆ ಆಳುಗಳಿರುವಲ್ಲಿ ಅಥವಾ ಯಜಮಾನನ ಮೇಲೆಯೇ ದೂರಿರುವಲ್ಲಿ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮೂರು ತಿಂಗಳೊಳಗೆ ಕೊಡಬೇಕು. ಈ ಸಂಗತಿಯನ್ನು ಆ ಹೆಂಗಸರಿಗೆ ತಿಳಿಸುವುದು ಓದು ಬಲ್ಲ ನಮ್ಮ ಕೆಲಸ. ಮದ್ರಸದ ಗೋಡೆಯ ಮೇಲೂ ಪಂಚಾಯತಿಯ ಫಲಕದ ಮೇಲೂ ಇದನ್ನು ಬರೆದು ಹಾಕುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಆದರೆ ಬೆಳಗಿನ ಜಾವ ಹೊರಟ ಗಾಡಿಯ ಹಿಂದೆ ಯಾವ ಅಧಿಕಾರಿಯೂ ಹೋಗಲಾರ. ಸಂಜೆಗತ್ತಲಲ್ಲಿ ಕೂಲಿ ಎಣಿಸುವ ಕೈಯನ್ನು ನೋಡುವವನು ಒಬ್ಬನೇ. ಬೆವರು ಆರುವ ಮುನ್ನವೇ ಕೂಲಿ ಕೊಡಬೇಕೆಂಬ ಪ್ರವಾದಿ ವಚನವನ್ನು ನಾವು ಕ್ಯಾಲೆಂಡರುಗಳಲ್ಲಿ ಅಚ್ಚು ಹಾಕಿಸಿದ್ದೇವೆ. ಪೂರ್ತಿ ದುಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಪುನರುತ್ಥಾನದ ದಿನ ಸ್ವತಃ ಅಲ್ಲಾಹನೇ ವಾದಿಯಾಗಿ ನಿಲ್ಲುವನೆಂಬ ಹದೀಸನ್ನೂ ಬಲ್ಲೆವು. ಅಂದು ನಮ್ಮ ಪರವಾಗಿ 'ಅವಳು ಒಪ್ಪಿದ್ದಳು' ಎಂಬ ಸಾಕ್ಷ್ಯವನ್ನು ಮುಂದಿಡುವ ಧೈರ್ಯ ನಮಗಿದೆಯೇ? ಗುಹೆಯಲ್ಲಿ ಸಿಲುಕಿದ ಮೂವರ ಕಥೆಯನ್ನು ನೆನೆಯಿರಿ. ಅವರಲ್ಲೊಬ್ಬನು, ಬಿಟ್ಟುಹೋದ ಕೂಲಿಯವನ ಧಾನ್ಯವನ್ನು ಬಿತ್ತಿ ಬೆಳೆಸಿ, ಅದರಿಂದಾದ ದನಗಳನ್ನೆಲ್ಲ ಮರಳಿ ಬಂದ ಅವನಿಗೇ ಒಪ್ಪಿಸಿದ. ಗುಹೆಯ ಬಾಯಿಗೆ ಬಿದ್ದ ಬಂಡೆ ಸರಿಯಲು ಅವನು ಅಲ್ಲಾಹನ ಮುಂದಿಟ್ಟ ಕರ್ಮ ಅದು. ತನ್ನ ಕೂಲಿಯಾಳಿಗೆ ಸಲ್ಲಿಸಿದ ನ್ಯಾಯವೇ ಅವನ ಪಾಲಿನ ವಸೀಲವಾಯಿತು.

ಮುಂದಿನ ಶುಕ್ರವಾರ ನಾನು ಆ ಯಜಮಾನರಿಗೆ ಮದ್‌ಯನ್‌ನ ಬಾವಿಯ ಕಥೆಯನ್ನೇ ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿದರು. ಆಸ್ಪತ್ರೆಯ ಸಾಲವನ್ನು ತೀರಿಸಿದರು. ಗಾಡಿಯನ್ನು ಈಗ ಎರಡು ಸಲ ಓಡಿಸುತ್ತಾರೆ. ಕೂಲಿಯ ವಿಷಯದಲ್ಲಿ ನಮ್ಮ ಮಾತು ಇನ್ನೂ ಮುಗಿದಿಲ್ಲ. ಊರಲ್ಲಿ ತಾನೊಬ್ಬನೇ ಹೆಚ್ಚಿಸಿದರೆ ಉಳಿದ ರೈತರು ತನ್ನನ್ನು ಬಿಟ್ಟಾರೆಯೇ ಎಂಬ ಅಂಜಿಕೆ ಅವರದು. ಆ ಅಂಜಿಕೆಯನ್ನು ಒಬ್ಬರೇ ಹೊರುವುದು ಕಷ್ಟ. ಜಮಾಅತಿನ ಹಿರಿಯರು, ಊರ ರೈತರು ಕೂಡಿ ಕುಳಿತು ಮಾತಾಡಿದರೆ ಹಗುರವಾದೀತು. ಹಂಗಾಮು ಶುರುವಾಗುವ ಮುನ್ನ ಪ್ರತಿ ಊರಿನಲ್ಲೂ ಇಂಥದೊಂದು ಸಭೆ ಆಗಲಿ. ಆ ಸಭೆಯಲ್ಲಿ ಹೊಲಕ್ಕೆ ಹೋಗುವ ಹೆಂಗಸರಿಗೂ ಮಾತಾಡಲು ಜಾಗವಿರಲಿ. ಆಗ ಅವರ ಬಾಯಿಂದ ಬರುವ ಒಪ್ಪಿಗೆಗೆ ನಿಜವಾಗಿಯೂ ಒಪ್ಪಿಗೆಯೆಂಬ ಹೆಸರು ಸಲ್ಲುವುದು.

ನಮ್ಮ ಕೈಗೆ ಒಪ್ಪಿಸಲಾದ ಅಮಾನತ್ತುಗಳನ್ನು ಸಂಜೆ ಸುರಕ್ಷಿತವಾಗಿ ಮನೆ ಮುಟ್ಟಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.